ಎದುರು ಬೆಳಕಿನಲ್ಲಿ ಮರೆಯಾಗುವ ರಸ್ತೆ

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಜಗಳೂರು ಸೀಮೆಯ ಎಷ್ಟೋ ರಸ್ತೆಗಳು ಅರ್ಧ ಕಣವಾಗುತ್ತವೆ. ಒಣಹಾಕಿದ ಕಾಳು, ಅದರ ಅಂಚಿಗಿಟ್ಟ ಕಲ್ಲು, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು, ಹೊಲದಿಂದ ಮನೆಗೆ ಹೊರಟ ಜನ. ಕತ್ತಲಲ್ಲೂ ಇವೆಲ್ಲ ಹೇಗೋ ಕಾಣುತ್ತವೆ, ಎದುರಿಗೊಂದು ಹೈ ಬೀಮ್ ಬರುವ ತನಕ.

ಬೆಳಕು ಹೆಚ್ಚಾದರೆ ಇನ್ನೂ ಚೆನ್ನಾಗಿ ಕಾಣಬೇಕಲ್ಲವೆ? ತೊಡಕಿರುವುದು ಕಣ್ಣಿನೊಳಗೆ. ಕಾರ್ನಿಯಾ ಮತ್ತು ಮಸೂರ ಪೂರ್ತಿ ತಿಳಿಯಾಗಿರುವುದಿಲ್ಲ. ಹಾದುಹೋಗುವ ಬೆಳಕಿನ ಸ್ವಲ್ಪ ಭಾಗವನ್ನು ಚದುರಿಸುತ್ತವೆ. ಅದು ಅಕ್ಷಿಪಟಲದ ಮೇಲೆಲ್ಲ ಮಂಜಿನಂತೆ ಹರಡಿದಾಗ ಟ್ರೇಲರಿನ ಮಸುಕು ಬಿಂಬ ಅದರಲ್ಲಿ ಮುಳುಗುತ್ತದೆ. 65ರ ವಯಸ್ಸಿಗೆ ಈ ಚದುರುವಿಕೆ ಹರೆಯದವರಿಗಿಂತ ಸುಮಾರು ಇಮ್ಮಡಿ. ಕಣ್ಣಿಗೆ ಪೊರೆ ಬರುತ್ತಿದ್ದರೆ ಇನ್ನೂ ಹೆಚ್ಚು. ಹಗಲು ಅಕ್ಷರ ಸರಿಯಾಗಿ ಓದುವವರೂ ರಾತ್ರಿ ಗಾಡಿ ಓಡಿಸಲು ಹೆದರುವುದು ಇದಕ್ಕೇ.

ಎದುರಿನ ಗಾಡಿ ದಾಟಿಹೋದ ಮೇಲೂ ಕಣ್ಣು ಸುಧಾರಿಸಿಕೊಳ್ಳಲು ಕೆಲವು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರೇ ಸೆಕೆಂಡಿಗೆ ನಮ್ಮ ಗಾಡಿ 50 ಮೀಟರ್ ಸಾಗಿರುತ್ತದೆ.

‘ಡಿಮ್ ಮಾಡಿದ್ದೀನಲ್ಲ’ ಎನ್ನುವ ಚಾಲಕ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್4 ಹ್ಯಾಲೊಜನ್ ಬಲ್ಬಿನಲ್ಲಿ ಎರಡು ತಂತಿಗಳಿವೆ. ಡಿಮ್ ತಂತಿಯ ಕೆಳಗೊಂದು ಪುಟ್ಟ ಲೋಹದ ಬಟ್ಟಲು. ಪ್ರತಿಫಲಕದ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮಬೇಕಿದ್ದ ಬೆಳಕನ್ನು ಅದು ತಡೆಯುತ್ತದೆ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಬೆಳಕು ರಸ್ತೆಯ ಎಡ ಅಂಚಿಗೆ ತುಸು ಮೇಲೇರುತ್ತದೆ, ಎದುರಿನವರ ಕಡೆಗೆ ತಗ್ಗಿರುತ್ತದೆ. ತಂತಿ ಎಲ್ಲಿದೆ ಎಂಬ ಕರಾರುವಾಕ್ಕು ಲೆಕ್ಕದ ಮೇಲೆಯೇ ಪ್ರತಿಫಲಕದ ಬಾಗು ನಿಂತಿದೆ. ಅದೇ ಗೂಡಿಗೆ ಅಂಗಡಿಯಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕಿನ ಮೂಲದ ಜಾಗ, ಆಕಾರ ಎರಡೂ ಬದಲಾಗಿ ಡಿಮ್‌ನಲ್ಲೂ ಬೆಳಕು ಎದುರಿನವರ ಮುಖಕ್ಕೆ ಬಡಿಯುತ್ತದೆ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ದೀಪದ ಮಾತು ಬೇರೆ. ಅಪಾಯಕಾರಿಯಾದದ್ದು ಈ ಕಸಿ.

ಕರ್ನಾಟಕದಲ್ಲಿ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದ ಅಲೋಕ್ ಕುಮಾರ್ 2024ರ ಜುಲೈನಿಂದ ಇಂಥ ಕಣ್ಣು ಕೋರೈಸುವ ದೀಪಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಕ್ರಮಕ್ಕೆ ಸೂಚಿಸಿದ್ದರು. ಅಂಥ ತಪಾಸಣೆ ನಗರದ ವೃತ್ತಗಳಿಗಿಂತ ಬೀದಿದೀಪವಿಲ್ಲದ ಹಳ್ಳಿರಸ್ತೆಗಳಿಗೆ ಹೆಚ್ಚು ಬೇಕು.

ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕ ನೆರವಾಗದು. 2019ರಲ್ಲಿ ‘ಜಾಮಾ ಆಫ್ತಾಲ್ಮಾಲಜಿ’ಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಪಾದಚಾರಿಗಳನ್ನು ಗುರುತಿಸುವುದನ್ನು ಸುಧಾರಿಸಲಿಲ್ಲ. ಮುಂಗಾಜನ್ನು ಒಳಗೂ ಹೊರಗೂ ಒರೆಸಿದರೆ, ನೋಟವನ್ನು ರಸ್ತೆಯ ಎಡ ಅಂಚಿಗೆ ಹೊರಳಿಸಿದರೆ ನಿಜಕ್ಕೂ ಅನುಕೂಲ. ಹಿಂದೆ ಜನ, ಮೂಟೆ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಜೊತೆಗೆ ಬೆಳಕೂ. ಅದನ್ನು ತಗ್ಗಿಸಲು ಹಲವು ಕಾರುಗಳಲ್ಲಿ ಸ್ಟೀರಿಂಗ್ ಬಳಿ ಸೊನ್ನೆಯಿಂದ ಶುರುವಾಗುವ ಅಂಕಿಗಳ ಸಣ್ಣ ಚಕ್ರವೊಂದಿದೆ. ಅಂಕಿ ಹೆಚ್ಚಿಸಿದಷ್ಟೂ ಬೆಳಕು ಕೆಳಗಿಳಿಯುತ್ತದೆ.