ರಭಸ ಹೆಚ್ಚಿದಷ್ಟೂ ಹಿಡಿಯುವ ಅಂಟು

ಹರಿಯುವ ನೀರಿನಲ್ಲಿ ಅಂಟು ನಿಲ್ಲುವುದು ಕಷ್ಟ. ರಭಸ ಹೆಚ್ಚಿದಷ್ಟೂ ಕೊಚ್ಚಿಕೊಂಡು ಹೋಗುತ್ತದೆ. ನಮ್ಮ ರಕ್ತದಲ್ಲಿರುವ ಒಂದು ಪಾಲಿಮರ್ ಇದಕ್ಕೆ ತದ್ವಿರುದ್ಧ. ಮಾಮೂಲಿ ಹರಿವಿನಲ್ಲಿ ಅದು ಯಾರ ಗೊಡವೆಗೂ ಹೋಗದೆ ತೇಲುತ್ತಿರುತ್ತದೆ. ಗಾಯವಾಗಿ ನಾಳ ಸಂಕುಚಿಸಿ ರಭಸ ಏರಿತೋ, ಗೋಡೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಅದರ ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಬಳಿಗೆ 1924ರಲ್ಲಿ ಓಲಾಂಡ್ ದ್ವೀಪಗಳಿಂದ 5 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಈ ಪಾಲಿಮರಿನ ಕೊರತೆಯಿಂದ ಅವಳಿಗೆ ರಕ್ತ ಸುರಿದರೆ ನಿಲ್ಲುತ್ತಿರಲಿಲ್ಲ. ಹೆಣ್ಣುಮಕ್ಕಳನ್ನೂ ಕಾಡುವ ಇದು ಹಿಮೋಫಿಲಿಯಾ ಅಲ್ಲ ಎಂದು ಅವರು 1926ರಲ್ಲಿ ಬರೆದರು. ಹುಡುಗಿ ಮುಂದೆ ಹದಿಹರೆಯದಲ್ಲಿ ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು.

ರಕ್ತನಾಳದ ಒಳಪದರದ ಕೋಶಗಳು ಈ ಪ್ರೋಟೀನನ್ನು ಹೆಣೆಯುತ್ತವೆ. ಒಂದೊಂದು ಕೊಂಡಿಯಲ್ಲೂ 2,050 ಅಮೈನೋ ಆಮ್ಲಗಳು. ಇಂಥ ಹತ್ತಾರು ಕೊಂಡಿಗಳು ಸೇರಿ ಉದ್ದನೆಯ ಸರಪಳಿ. ಆದರೆ ಅದು ಉದ್ದಕ್ಕೆ ಚಾಚಿಕೊಂಡಿರುವುದಿಲ್ಲ, ಸಿಕ್ಕುಬಿದ್ದ ನೂಲಿನಂತೆ ಮುದುಡಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಹಿಡಿಯುವ ಜಾಗಗಳೂ ಆ ಮುದ್ದೆಯೊಳಗೇ ಮರೆಯಾಗಿರುತ್ತವೆ.

ಅದನ್ನು ಬಿಡಿಸುವುದು ಬರೀ ವೇಗವಲ್ಲ. ಇಡೀ ಹರಿವು ಒಂದೇ ವೇಗದಲ್ಲಿ ಸಾಗಿದ್ದರೆ ಸರಪಳಿ ಮುದುಡಿಕೊಂಡೇ ತೇಲಿಹೋಗುತ್ತಿತ್ತು. ಕಿರಿದಾದ ನಾಳದಲ್ಲಿ ಹಾಗಾಗದು. ಗೋಡೆಗೆ ತಾಗಿದ ಪದರ ನಿಂತೇ ಇರುತ್ತದೆ, ನಡುವಿನದು ಓಡುತ್ತಿರುತ್ತದೆ. ಸರಪಳಿಯ ಒಂದು ತುದಿ ನಿಧಾನದ ಪದರದಲ್ಲಿ, ಇನ್ನೊಂದು ವೇಗದ ಪದರದಲ್ಲಿ ಸಿಕ್ಕರೆ ಎಳೆದಾಟ ಶುರು. ನಾಳ ಕಿರಿದಾದಷ್ಟೂ ಈ ವೇಗವ್ಯತ್ಯಾಸ ತೀವ್ರ.

ಈ ಎಳೆದಾಟವನ್ನು ಕಣ್ಣಾರೆ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಭೌತವಿಜ್ಞಾನಿ ಸ್ಟೀವನ್ ಚೂ ತಂಡ. ಹೊಳೆಯುವ ಬಣ್ಣ ಹಚ್ಚಿದ ಡಿಎನ್‌ಎಯನ್ನು ಹರಿವಿಗೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಅಣುವನ್ನು ನೋಡಿದರು. 1997ರಲ್ಲಿ ಕಂಡದ್ದು ವಿಚಿತ್ರ: ತದ್ರೂಪಿ ಅಣುಗಳು, ಒಂದೇ ಹರಿವು, ಆದರೂ ಒಂದು ಮಡಚಿಕೊಂಡೇ ಉಳಿದರೆ ಇನ್ನೊಂದು ಸರಾಗವಾಗಿ ಬಿಚ್ಚಿಕೊಳ್ಳುತ್ತಿತ್ತು. ಅಣುಗಳಿಗೂ ‘ವ್ಯಕ್ತಿತ್ವ’ವಿದೆ ಎಂಬರ್ಥದ ಮಾತಾಡಿದವರು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಪಿಯರ್ ಜಿಲ್ ದ ಜೆನ್. ಪಾಲಿಮರ್ ಹೀಗೆ ಹರಿವಿನಲ್ಲಿ ಹಠಾತ್ತನೆ ಚಾಚಿಕೊಳ್ಳಬಹುದೆಂದು 1974ರಲ್ಲೇ ಲೆಕ್ಕ ಹಾಕಿದ್ದವರೂ ಅವರೇ. ಪದರಗಳು ಒಂದರ ಮೇಲೊಂದು ಜಾರುವ ಹರಿವಿನಲ್ಲಂತೂ ಸರಪಳಿ ಚಾಚಿ, ಪಲ್ಟಿ ಹೊಡೆದು, ಮುದುಡಿ ಮತ್ತೆ ಚಾಚುತ್ತದೆ ಎಂದು 1999ರ ಪ್ರಯೋಗ ತೋರಿಸಿತು.

ರಕ್ತದ ಸರಪಳಿ ಡಿಎನ್‌ಎಗಿಂತ ಹಟಮಾರಿ. ಅದರ ಕೊಂಡಿಗಳು ಒಂದನ್ನೊಂದು ಅಪ್ಪಿಕೊಂಡಿರುವುದರಿಂದ ಸಣ್ಣಪುಟ್ಟ ಎಳೆತಕ್ಕೆ ಜಗ್ಗುವುದಿಲ್ಲ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದು ಬಿಚ್ಚಿಕೊಂಡದ್ದು ವೇಗವ್ಯತ್ಯಾಸ ಸೆಕೆಂಡಿಗೆ ಸುಮಾರು 5,000 ಮುಟ್ಟಿದ ಮೇಲೆಯೇ. ಅಂದರೆ ಗೋಡೆಯಿಂದ ಒಂದೊಂದು ಮೈಕ್ರಾನ್ ದೂರ ಸರಿದಂತೆ ಹರಿವಿನ ವೇಗ ಸೆಕೆಂಡಿಗೆ 5 ಮಿಲಿಮೀಟರಿನಷ್ಟು ಏರುತ್ತಾ ಹೋಗಬೇಕು. ಆರೋಗ್ಯವಂತ ಧಮನಿಗಳಲ್ಲಿ ಸಾಮಾನ್ಯವಾಗಿ ಅಷ್ಟು ಸೆಳೆತವಿರುವುದಿಲ್ಲ, ಹಾಗಾಗಿ ಸುಮ್ಮಸುಮ್ಮನೆ ರಕ್ತ ಹೆಪ್ಪುಗಟ್ಟುವುದೂ ಇಲ್ಲ. ಎಷ್ಟು ಅಚ್ಚುಕಟ್ಟಾದ ಸ್ವಿಚ್!

ಆದರೆ ಬಿಚ್ಚಿಕೊಳ್ಳುವುದಕ್ಕೆ ಬೆಲೆಯಿದೆ. ಚಾಚಿದ ಸರಪಳಿಯನ್ನು ಕತ್ತರಿಸಲು ಅಡ್ಯಾಮ್ಟ್ಸ್-13 ಎಂಬ ಕಿಣ್ವ ರಕ್ತದಲ್ಲೇ ಕಾದಿರುತ್ತದೆ. ಅದು ಕೆಲಸ ನಿಲ್ಲಿಸಿದರೆ ಕಿರಿದಾದ ನಾಳಗಳಲ್ಲೆಲ್ಲ ಹೆಪ್ಪು. ಕತ್ತರಿ ಅತಿಯಾದರೂ ಆಪತ್ತೇ. ಮಹಾಪಧಮನಿಯ ಕವಾಟ ಕಿರಿದಾದ ರೋಗಿಗಳಲ್ಲಿ ಕೆಲವರಿಗೆ ಕರುಳಿನಲ್ಲಿ ಕಾರಣ ತಿಳಿಯದ ರಕ್ತಸ್ರಾವ ಆಗುವುದನ್ನು ಅಮೆರಿಕದ ವೈದ್ಯ ಎಡ್ವರ್ಡ್ ಹೈಡ್ 1958ರಲ್ಲೇ ಗುರುತಿಸಿದ್ದರು. ಹೃದಯಕ್ಕೂ ಕರುಳಿಗೂ ಎತ್ತಣ ನಂಟು ಎಂಬುದು ಬಿಡಿಸಿಕೊಂಡದ್ದು ದಶಕಗಳ ನಂತರ. ಇಕ್ಕಟ್ಟಾದ ಕವಾಟದಲ್ಲಿ ನುಗ್ಗುವಾಗ ಉದ್ದ ಸರಪಳಿಗಳು ಚಾಚಿಕೊಂಡು ಕಿಣ್ವದ ಬಾಯಿಗೆ ಬೀಳುತ್ತವೆ. ಉಳಿದ ತುಂಡುಗಳಿಗೆ ಪ್ಲೇಟ್‌ಲೆಟ್ ಹಿಡಿಯುವ ಕಸುವು ಸಾಲದು. ಶಸ್ತ್ರಚಿಕಿತ್ಸೆ ಮಾಡಿ ಕವಾಟ ಬದಲಿಸಿದರೆ ಉದ್ದ ಸರಪಳಿಗಳು ಮರಳುತ್ತವೆ.

ಸೋತ ಹೃದಯಕ್ಕೆ ನೆರವಾಗಲು ಅಳವಡಿಸುವ ಪಂಪುಗಳಲ್ಲೂ ಇದೇ ಕಥೆ. ಸರ್ರನೆ ತಿರುಗುವ ಚಕ್ರಕ್ಕೂ ಅದರ ಗೋಡೆಗೂ ನಡುವಿನ ಸಂದಿಯಲ್ಲಿ ಸರಪಳಿ ತುಂಡಾಗಿ ರೋಗಿಗೆ ರಕ್ತಸ್ರಾವವಾಗಬಹುದು. ಹಾಗಾಗಿ ಈಚಿನ ಪಂಪುಗಳಲ್ಲಿ ಆ ಸಂದಿಯನ್ನು ಅಗಲ ಮಾಡಲಾಗಿದೆ.