ಇಪ್ಪತ್ತು ಮೂಲೆ, ಅರವತ್ತನಾಲ್ಕು ಮನೆ

ಹಳೆಯ ಲಗ್ನಪತ್ರಿಕೆಗಳಿಂದ ಒಂದೇ ಅಳತೆಯ ಹನ್ನೆರಡು ಪಂಚಭುಜ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿದೆ. ಗೋಂದು ಆರಿದಾಗ ಅಂಗೈಯಲ್ಲಿ ಕೂತದ್ದು ದ್ವಾದಶಫಲಕ: 12 ಮುಖ, 30 ಅಂಚು, 20 ಮೂಲೆ. ಮುಖಗಳೂ ಮೂಲೆಗಳೂ ಹೀಗೆ ಪೂರ್ತಿ ಸಮನಾಗಿದ್ದು, ಎಲ್ಲೂ ಒಳಕ್ಕೆ ತಗ್ಗದ ಘನಾಕೃತಿಗಳು ಇರುವುದು ಐದೇ ಐದು.

1857ರಲ್ಲಿ ಡಬ್ಲಿನ್ನಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಇದರಿಂದ ಒಂದು ಆಟ ಕಟ್ಟಿದ. ಅಂಚಿನ ಮೇಲೇ ನಡೆದು, 20 ಮೂಲೆಗಳನ್ನೂ ಒಂದೊಂದೇ ಸಲ ಮುಟ್ಟಿ, ಹೊರಟಲ್ಲಿಗೇ ಮರಳಬೇಕು. ನಾನು ಮೂಲೆಗೊಂದು ಗುಂಡುಸೂಜಿ ಚುಚ್ಚಿ, ಕೆಂಪು ದಾರ ಸುತ್ತುತ್ತಾ ಹೋದೆ. ಎಡವೋ ಬಲವೋ ಎಂದು ದಿಕ್ಕು ಎಣಿಸದಿದ್ದರೆ ಇಂಥ ದಾರಿಗಳು 30. ಆದರೆ ಈ ಘನವನ್ನು ತಿರುಗಿಸಿ, ಮೊದಲಿನಂತೆಯೇ ಕಾಣುವ ಹಾಗೆ ಇಡುವುದಕ್ಕೆ 60 ಬಗೆಗಳಿವೆ. ಕನ್ನಡಿಬಿಂಬವೂ ಸೇರಿದರೆ 120. ಹಾಗೆ ಹೊರಳಿಸಿ ನೋಡಿದರೆ 30 ದಾರಿಗಳೂ ಒಂದೇ ದಾರಿ!

ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಜಾತಿಯ ಒಗಟನ್ನು ಚದುರಂಗದ ಹಾಸಿನ ಮೇಲೆ ಬಿಡಿಸುತ್ತಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರ ಮನಸ್ಸು ವಿದ್ಯೆ, ಕಲೆ, ಆಟಗಳ ಕಡೆ ಹರಿದಿತ್ತು. ಆ ಒಗಟಿನಲ್ಲಿ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಬೇಕು. ಮೊದಲ ಮನೆಗೇ ಮರಳುವ ನಡಿಗೆಗಳು ಎಷ್ಟು ಗೊತ್ತೆ? 13,26,736 ಕೋಟಿ 44 ಲಕ್ಷ 10 ಸಾವಿರದ 532. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ನೋಡುತ್ತಾ ಕೂತರೆ 4 ಲಕ್ಷ 20 ಸಾವಿರ ವರ್ಷ ಬೇಕು. ಇಲ್ಲಿ ಹೊರಳಿಸುವ ಉಪಾಯವೂ ಹೆಚ್ಚು ನೆರವಾಗದು. ಚದುರಂಗದ ಚೌಕಕ್ಕೆ ಇರುವ ಸಮಮಿತಿ ಬರೀ 8.

ಅರಸರು ಅಷ್ಟಕ್ಕೆ ನಿಲ್ಲಲಿಲ್ಲ. ಕುದುರೆ ಮೆಟ್ಟಿದ ಕ್ರಮದಲ್ಲೇ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ, ಅಡ್ಡಸಾಲು ಕಂಬಸಾಲು ಯಾವುದನ್ನು ಕೂಡಿದರೂ 260 ಬರುವ ನಡಿಗೆಯೊಂದು ಅವರ ಹೆಸರಿನಲ್ಲಿದೆ. ಹೊರಟ ಮನೆಗೆ ಮರಳದ ನಡಿಗೆಗಳನ್ನೂ ಲೆಕ್ಕಕ್ಕೆ ಹಿಡಿದು 2003ರಲ್ಲಿ ಕಂಪ್ಯೂಟರುಗಳು ಇಂಥ 260ರ ನಡಿಗೆಗಳಿಗಾಗಿ ಜಾಲಾಡಿದವು. 61 ದಿನಗಳ ಗಣನೆಯ ಕೊನೆಗೆ ಸಿಕ್ಕ ಬೇರೆಬೇರೆ ಮಾದರಿಗಳು 140 ಮಾತ್ರ.

ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಮುಮ್ಮಡಿಯವರ ಆಟಗಳ ಚಿತ್ರಗಳಿವೆ. ರವಿವರ್ಮನ ಚಿತ್ರಗಳನ್ನು ನೋಡಿ ಹಾಗೇ ಇಳಿದು ಬರಬೇಡಿ. ಆ ಗೋಡೆಗಳ ಮುಂದೆಯೂ ಒಂದಿಷ್ಟು ಹೊತ್ತು ನಿಲ್ಲಿ.