ಲಾಕ್‌ಡೌನ್ ಹೋಯಿತು, ತೂಕ ಉಳಿಯಿತು: ಮುಂಬಯಿಯ ನಮ್ಮ ಮನೆಗಳ ಊಟ, ನಡಿಗೆ, ನಿದ್ದೆ

ಲಾಕ್‌ಡೌನ್ ವಿಷಯ ಬಂದಾಗ ಮುಂಬಯಿಯ ನಮ್ಮ ಮನೆಗಳಲ್ಲಿ ಇಂದಿಗೂ ಎರಡು ಮಾತು ಕೇಳಿಬರುತ್ತವೆ. ಒಂದು, "ಆಗ ತಿನ್ನೋಕೆ ಸರಿಯಾಗಿ ಸಿಗ್ತಿರಲಿಲ್ಲ." ಇನ್ನೊಂದು, "ಆಗ ಮನೇಲೇ ಕೂತು ಕೂತು ದಪ್ಪ ಆದ್ವಿ." ಒಂದೇ ಗಲ್ಲಿಯವರು, ಕೆಲವೊಮ್ಮೆ ಒಂದೇ ಮನೆಯವರು ಈ ಎರಡೂ ಮಾತನ್ನು ಹೇಳುತ್ತಾರೆ. ಕೇಳುವವರಿಗೆ ಇದು ತಲೆಬುಡ ಇಲ್ಲದ ಮಾತು ಅನ್ನಿಸಬಹುದು. ಆದರೆ ಎರಡೂ ನಿಜ. ಹೊಟ್ಟೆಗೆ ಬೇಕಾದದ್ದು ಸಿಗದೇ ಇರುವಾಗಲೂ ತೂಕ ಹೆಚ್ಚಬಹುದು. ಅದು ಹೇಗೆ ಎಂಬುದನ್ನು ಅರ್ಥಮಾಡಿಕೊಂಡರೆ, ಆ ದಿನಗಳಲ್ಲಿ ಬಂದ ತೂಕವನ್ನು "ತಿಂಡಿಪೋತತನ" ಎಂದು ತಮಾಷೆ ಮಾಡುವುದು ನಿಲ್ಲುತ್ತದೆ, ಪರಿಹಾರದ ದಾರಿಯೂ ಕಾಣುತ್ತದೆ.

ನಿಂತುಹೋದದ್ದು ವ್ಯಾಯಾಮವಲ್ಲ, ನಡಿಗೆ

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್. ಅದೇ ವಾರದಲ್ಲಿ ಮುಂಬಯಿಯ ಲೋಕಲ್ ರೈಲುಗಳೂ ನಿಂತವು. ದಿನಕ್ಕೆ ಸುಮಾರು 75 ಲಕ್ಷ ಜನರನ್ನು ಹೊತ್ತು ಓಡಾಡುತ್ತಿದ್ದ ರೈಲು ಅದು. ಜೂನ್ 15ರಿಂದ ಅಗತ್ಯ ಸೇವೆಯವರಿಗಾಗಿ ಶುರುವಾದರೂ, ಸಾಮಾನ್ಯ ಪ್ರಯಾಣಿಕರು ಗೊತ್ತುಪಡಿಸಿದ ಸಮಯದಲ್ಲಿ ಹತ್ತಲು 2021ರ ಫೆಬ್ರುವರಿ 1ರವರೆಗೆ ಕಾಯಬೇಕಾಯಿತು.

ಮುಂಬಯಿಯ ದುಡಿಯುವ ಜನ ವ್ಯಾಯಾಮ ಎಂಬ ಹೆಸರಿನಲ್ಲಿ ಏನನ್ನೂ ಮಾಡುವುದಿಲ್ಲ. ಅವರ ವ್ಯಾಯಾಮ ಪ್ರಯಾಣದಲ್ಲೇ ಸೇರಿರುತ್ತದೆ. ಮುಂಬ್ರಾದಲ್ಲೋ ಗೋವಂಡಿಯಲ್ಲೋ ಇರುವ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. ಮನೆಯಿಂದ ಸ್ಟೇಷನ್ನಿಗೆ 15 ನಿಮಿಷ ನಡಿಗೆ, ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವುದು, ರೈಲಿನಲ್ಲಿ ನಿಂತೇ ಪ್ರಯಾಣ, ಇಳಿದ ಮೇಲೆ ಅಂಗಡಿ ಅಥವಾ ಆಫೀಸಿಗೆ ಮತ್ತೆ 15 ನಿಮಿಷ. ಸಂಜೆ ಇದೇ ದಾರಿ ವಾಪಸ್. ದಿನಕ್ಕೆ ಒಂದು ಗಂಟೆಯ ನಡಿಗೆ ಗೊತ್ತಾಗದ ಹಾಗೆ ಆಗಿಬಿಡುತ್ತದೆ.

ಒಂದು ಗಂಟೆಯ ಸಾಧಾರಣ ನಡಿಗೆಯಿಂದ, ಕೂತಿರುವಾಗ ಖರ್ಚಾಗುವುದಕ್ಕಿಂತ ಸುಮಾರು 150 ಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಮಾರ್ಚ್ 25ರಿಂದ ಮೇ 31ರವರೆಗೆ 68 ದಿನ. 68 ದಿನಕ್ಕೆ 10,200 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಂದಾಜು 7,700 ಕ್ಯಾಲೊರಿ ಇರುತ್ತದೆ. ಅಂದರೆ, ಒಂದು ತುತ್ತೂ ಹೆಚ್ಚು ತಿನ್ನದೆ, ಬರೀ ನಡಿಗೆ ನಿಂತದ್ದರಿಂದಲೇ ಸುಮಾರು 1.3 ಕಿಲೋ ಕೊಬ್ಬು ಕೂಡಿಕೊಳ್ಳಬಹುದು. ಇದು ಕಾಗದದ ಮೇಲಿನ ಲೆಕ್ಕ, ಪ್ರತಿಯೊಬ್ಬರ ದೇಹದಲ್ಲಿ ಹೆಚ್ಚುಕಡಿಮೆ ಆಗುತ್ತದೆ. ಆದರೂ ದಿಕ್ಕು ಯಾವುದು ಎಂಬುದು ಸ್ಪಷ್ಟ.

ಇದಕ್ಕೆ ಮಸೀದಿಯ ನಡಿಗೆಯನ್ನೂ ಸೇರಿಸಿ. ಐದು ನಿಮಿಷದ ದೂರದಲ್ಲಿ ಮಸೀದಿ ಇದ್ದರೆ, ಐದು ಹೊತ್ತಿನ ನಮಾಝಿಗೆ ಹೋಗಿ ಬರುವುದು ದಿನಕ್ಕೆ 50 ನಿಮಿಷ. ಮಹಾರಾಷ್ಟ್ರದಲ್ಲಿ ಪ್ರಾರ್ಥನಾಲಯಗಳು ಮತ್ತೆ ತೆರೆದದ್ದು 2020ರ ನವೆಂಬರ್ 16ಕ್ಕೆ. ಹತ್ತಿರಹತ್ತಿರ ಎಂಟು ತಿಂಗಳು ಆ ನಡಿಗೆಯೂ ಇರಲಿಲ್ಲ. ವಯಸ್ಸಾದ ಎಷ್ಟೋ ಹಿರಿಯರಿಗೆ ದಿನದಲ್ಲಿ ಇದ್ದ ಚಲನೆ ಅದೊಂದೇ.

"ಮನೆಯಲ್ಲೇ ನಡೆಯಬಹುದಿತ್ತಲ್ಲ" ಅಂತ ಕೇಳುವುದು ಸುಲಭ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬೈಯ ಜನರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಕೊಳೆಗೇರಿಗಳಲ್ಲಿದ್ದರು. ಒಂದೇ ಖೋಲಿಯಲ್ಲಿ ಆರೇಳು ಜನ ಇದ್ದಾಗ ನಡೆಯುವುದು ಹಾಗಿರಲಿ, ಕಾಲು ಚಾಚುವುದೇ ಕಷ್ಟ. ವಾಕಿಂಗ್, ಸೈಕ್ಲಿಂಗಿಗೆ ಹೊರಗೆ ಹೋಗಲು ಸರಕಾರ ಅನುಮತಿ ಕೊಟ್ಟದ್ದು ಜೂನ್ 3ರಿಂದ, ಅದೂ ಬೆಳಿಗ್ಗೆ 5ರಿಂದ ಸಂಜೆ 7ರ ಒಳಗೆ.

ಪಾತ್ರೆಯಲ್ಲಿ ಏನಿತ್ತು?

ಆ ತಿಂಗಳುಗಳಲ್ಲಿ ಕೇಂದ್ರ ಸರಕಾರದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ರೇಷನ್ ಕಾರ್ಡಿನ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಅಕ್ಕಿ ಅಥವಾ ಗೋಧಿ, ಪ್ರತಿ ಕುಟುಂಬಕ್ಕೆ 1 ಕಿಲೋ ಬೇಳೆಕಾಳು ಉಚಿತವಾಗಿತ್ತು. ಈ ಅನುಪಾತ ಗಮನಿಸಿ. ಐದು ಜನರ ಮನೆಗೆ 25 ಕಿಲೋ ಧಾನ್ಯ, ಬೇಳೆ ಒಂದೇ ಕಿಲೋ. ಹಸಿವು ತಡೆಯಲು ಇದು ದೊಡ್ಡ ಆಸರೆಯಾಯಿತು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಜಮಾಅತ್‌ಗಳು, ಯುವಕರ ತಂಡಗಳು ಮನೆ ಮನೆಗೆ ಹಂಚಿದ ರೇಷನ್ ಕಿಟ್‌ಗಳೂ ಎಷ್ಟೋ ಒಲೆ ಉರಿಸಿದವು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಸಾಮಾನ್ಯವಾಗಿ ಇಂಥ ಕಿಟ್‌ಗಳಲ್ಲಿ ಇರುವುದೂ ಅಕ್ಕಿ, ಹಿಟ್ಟು, ಎಣ್ಣೆ, ಸಕ್ಕರೆ, ಚಹಾಪುಡಿ, ಸ್ವಲ್ಪ ಬೇಳೆ.

ದುಡಿಮೆ ನಿಂತಾಗ ಮೊದಲು ಕಡಿತವಾಗುವುದು ಹಣ್ಣು, ತರಕಾರಿ, ಹಾಲು, ಮೊಟ್ಟೆ, ಮೀನು. ಉಳಿಯುವುದು ಅನ್ನ, ಪಾವ್, ಚಹಾ. ಹೊಟ್ಟೆ ತುಂಬುತ್ತದೆ, ದೇಹಕ್ಕೆ ಬೇಕಾದ ಪ್ರೋಟೀನ್, ನಾರು ಸಿಗುವುದಿಲ್ಲ. ಬಿಳಿ ಅಕ್ಕಿ, ಮೈದಾ, ಸಕ್ಕರೆ ಬೇಗ ಜೀರ್ಣವಾಗಿ ರಕ್ತದಲ್ಲಿ ಗ್ಲೂಕೋಸ್ ಏರಿಸುತ್ತವೆ. ಅದನ್ನು ತಗ್ಗಿಸಲು ಇನ್ಸುಲಿನ್ ಬರುತ್ತದೆ, ಖರ್ಚಾಗದ ಶಕ್ತಿ ಕೊಬ್ಬಾಗಿ ಕೂರುತ್ತದೆ. ಸ್ವಲ್ಪ ಹೊತ್ತಿಗೇ ಮತ್ತೆ ಏನಾದರೂ ಬೇಕು ಅನ್ನಿಸುತ್ತದೆ. "ತಿನ್ನೋಕೆ ಸಿಗ್ತಿರಲಿಲ್ಲ" ಮತ್ತು "ದಪ್ಪ ಆದ್ವಿ" ಎಂಬ ಎರಡು ಮಾತುಗಳು ಒಂದಾಗುವುದು ಇಲ್ಲಿಯೇ.

ಇನ್ನು ಕೈಯಲ್ಲಿ ಸ್ವಲ್ಪ ಹಣ ಇದ್ದ ಮನೆಗಳ ಕತೆ ಬೇರೆ. ಎಲ್ಲರೂ ಮನೆಯಲ್ಲೇ ಇದ್ದದ್ದರಿಂದ ಒಲೆ ಆರುತ್ತಿರಲಿಲ್ಲ. ಮೊಬೈಲ್ ನೋಡಿ ಹೊಸ ಹೊಸ ಅಡುಗೆ, ಕೇಕ್, ಸಮೋಸಾ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಎರಡು ಕಪ್ ಹೆಚ್ಚಾದರೆ, ಸಕ್ಕರೆಯಿಂದಲೇ ಸುಮಾರು 80 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ. ಜೊತೆಗೆ ಖಾರಿ, ಟೋಸ್ಟ್, ಫರ್ಸಾಣ್. ಒಂದೊಂದೂ ಚಿಕ್ಕದೇ, ಕೂಡಿಸಿದರೆ ಚಿಕ್ಕದಲ್ಲ.

2020ರ ರಮಝಾನ್

ಆ ವರ್ಷ ಏಪ್ರಿಲ್ 25ರಂದು ಉಪವಾಸ ಶುರುವಾಗಿ ಮೇ 25ರಂದು ಈದ್ ಬಂತು. ಇಡೀ ತಿಂಗಳು ಲಾಕ್‌ಡೌನ್ ಒಳಗೇ ಕಳೆಯಿತು. ಮಿನಾರಾ ಮಸೀದಿಯ ಸುತ್ತ ರಾತ್ರಿಯಿಡೀ ಬೆಳಗುತ್ತಿದ್ದ ಮುಹಮ್ಮದ್ ಅಲಿ ರೋಡಿನ ಖಾದ್ಯದ ಅಂಗಡಿಗಳು ಮುಚ್ಚಿದ್ದವು. ಹಾಗಾದರೆ ಆ ವರ್ಷ ತೂಕ ಇಳಿಯಬೇಕಿತ್ತಲ್ಲವೇ? ಬೀದಿಯ ತಿಂಡಿ ಹೋಯಿತು, ಅದೇ ಭಜಿಯಾ, ಸಮೋಸಾ, ಮಾಲ್‌ಪುವಾ ಮನೆಯ ಬಾಣಲೆಗೆ ಬಂತು. ತರಾವೀಹ್‌ಗೆ ಮಸೀದಿಗೆ ಹೋಗುವ, ಅಲ್ಲಿ ಬಹಳ ಹೊತ್ತು ನಿಲ್ಲುವ ಅಭ್ಯಾಸ ತಪ್ಪಿತು. ಮನೆಯಲ್ಲಿ ಬೇಗ ಮುಗಿಸಿದವರು ಸಹರಿಯವರೆಗೆ ಎಚ್ಚರ ಇದ್ದು, ಮೊಬೈಲ್ ನೋಡುತ್ತಾ ಮತ್ತೆ ಏನಾದರೂ ತಿಂದು, ಫಜ್ರ್ ಆದ ಮೇಲೆ ಮಧ್ಯಾಹ್ನದವರೆಗೆ ಮಲಗುವುದು ರೂಢಿಯಾಯಿತು.

ಉಪವಾಸದ ಉದ್ದೇಶವೇ ಸಂಯಮ. ಕುರ್‌ಆನ್‌ನ ಅಲ್ ಅಅರಾಫ್ ಅಧ್ಯಾಯದ 31ನೇ ಸೂಕ್ತ ತಿನ್ನುವುದಕ್ಕೂ ಕುಡಿಯುವುದಕ್ಕೂ ಅನುಮತಿ ಕೊಟ್ಟು, ಜೊತೆಗೇ ಮಿತಿ ಮೀರುವುದನ್ನು ತಡೆಯುತ್ತದೆ. ಹೊಟ್ಟೆಯ ಮೂರನೇ ಒಂದು ಭಾಗ ಊಟಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಇರಲಿ ಎಂಬ ಪ್ರವಾದಿ(ಸ)ಯವರ ಉಪದೇಶ ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ. ಇದು ಬಯಾನ್‌ಗಳಲ್ಲಿ ನಾವು ಸಾಕಷ್ಟು ಕೇಳಿರುವ ಮಾತು. ದಸ್ತರ್‌ಖಾನಿನ ಮೇಲೆ ಮಾತ್ರ ನೆನಪಾಗುವುದಿಲ್ಲ.

ನಿದ್ದೆ, ಚಿಂತೆ, ಮಕ್ಕಳು

ನಿದ್ದೆಗೂ ತೂಕಕ್ಕೂ ನೇರ ಸಂಬಂಧ ಇದೆ. ನಿದ್ದೆ ಕೆಟ್ಟಾಗ ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಿ, ಸಾಕು ಎನ್ನುವ ಸೂಚನೆ ಕೊಡುವ ಲೆಪ್ಟಿನ್ ಕಡಿಮೆಯಾಗುವುದುಂಟು. ಕೆಲಸ ಹೋದ ಚಿಂತೆ, ಬಾಡಿಗೆಯ ಚಿಂತೆ, ಊರಿನಲ್ಲಿರುವ ತಾಯ್ತಂದೆಯ ಚಿಂತೆ ಇದ್ದಾಗ ಕಾರ್ಟಿಸೋಲ್ ಏರುತ್ತದೆ. ಅಂಥ ಹೊತ್ತಿನಲ್ಲಿ ಮನಸ್ಸು ಸಿಹಿ, ಎಣ್ಣೆಯ ಕಡೆಗೇ ಓಡುತ್ತದೆ. ಇದು ಮುಂಬಯಿಯ ಕತೆ ಮಾತ್ರವಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 42 ವಯಸ್ಕರು ಬೇಡದ ತೂಕ ಏರಿದೆ ಎಂದಿದ್ದರು.

ಮಕ್ಕಳದ್ದು ಇನ್ನೂ ದೀರ್ಘ ಕತೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಮುಂಬಯಿಯ ಶಾಲೆಗಳು 8ರಿಂದ 12ನೇ ತರಗತಿಗೆ ತೆರೆದದ್ದು 2021ರ ಅಕ್ಟೋಬರ್ 4ರಂದು, 1ರಿಂದ 7ಕ್ಕೆ ಡಿಸೆಂಬರ್ 15ರಂದು. ಚಿಕ್ಕ ಮಕ್ಕಳಿಗೆ ಸುಮಾರು 21 ತಿಂಗಳು ಶಾಲೆಯ ಮೆಟ್ಟಿಲಿಲ್ಲ, ಆಟದ ಪೀರಿಯಡ್ ಇಲ್ಲ, ಹೊತ್ತಿಗೆ ಸರಿಯಾದ ಡಬ್ಬಿ ಇಲ್ಲ. ಮಧ್ಯಾಹ್ನದ ಬಿಸಿಯೂಟದ ಬದಲು ಒಣ ಧಾನ್ಯ ಮನೆಗೆ ಹೋಯಿತು. ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕುರ್‌ಕುರೆ ತಿನ್ನುವ ಅಭ್ಯಾಸ ಶಾಲೆ ತೆರೆದ ಮೇಲೂ ಹೋಗಿಲ್ಲ ಎಂಬುದು ನಾವು ಶಿಕ್ಷಕರಿಗೆ ಗೊತ್ತು.

ಮಹಿಳೆಯರ ವಿಷಯ ಬೇರೆಯಾಗಿಯೇ ಹೇಳಬೇಕು. ಬೆಳಗ್ಗಿನಿಂದ ರಾತ್ರಿವರೆಗೆ ಅಡುಗೆಮನೆಯಲ್ಲಿ ನಿಂತವರು ಅವರೇ. ಆದರೆ ಮಗುವನ್ನು ಶಾಲೆಗೆ ಬಿಡುವ, ಬಜಾರಿಗೆ ಹೋಗುವ ಅವರ ಚಿಕ್ಕ ನಡಿಗೆಗಳು ಹೋದವು. ಎಲ್ಲರ ಊಟ ಆದ ಮೇಲೆ, ಚೆಲ್ಲಬಾರದು ಅಂತ ಉಳಿದದ್ದನ್ನು ತಿಂದವರೂ ಅವರೇ. ಆಮೇಲೆ "ಕಿತನೀ ಮೋಟೀ ಹೋ ಗಯೀ" ಎಂದು ಅನ್ನಿಸಿಕೊಂಡವರೂ ಅವರೇ.

ತಮಾಷೆಯ ವಿಷಯ ಅಲ್ಲ, ಏಕೆಂದರೆ

ನಮ್ಮ ದೇಹದ ರಚನೆಯಲ್ಲೇ ಒಂದು ತೊಡಕಿದೆ. ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್‌ಕಿನ್ ಒಟ್ಟಿಗೆ ತೆಗೆಸಿಕೊಂಡ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಎತ್ತರಕ್ಕೆ ತಕ್ಕ ತೂಕದ ಸೂಚಿಯಾದ ಬಿಎಂಐ ಇಬ್ಬರದ್ದೂ 22.3. ಆದರೆ ದೇಹದ ಕೊಬ್ಬು ಯುಡ್‌ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗೆ ಇದ್ದರೂ ನಮ್ಮವರ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚು. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿ ಇದ್ದಾರೆ ಎಂದು ಅಂದಾಜಿಸಿತು. ಹೊಟ್ಟೆಯ ಬೊಜ್ಜು ಶೇ. 39.5 ವಯಸ್ಕರಲ್ಲಿತ್ತು. ಇದರ ಮಾಹಿತಿ ಸಂಗ್ರಹವಾದದ್ದು 2008ರಿಂದ 2020ರ ನಡುವೆ. ಅಂದರೆ ಲಾಕ್‌ಡೌನ್ ಈ ಕಾಯಿಲೆ ಹುಟ್ಟಿಸಲಿಲ್ಲ, ಒಣಗಿದ ಹುಲ್ಲಿನ ಮೇಲೆ ಕಿಡಿ ಬಿದ್ದ ಹಾಗೆ ಆಯಿತು. ಕೋವಿಡ್ ಬಂದಾಗ ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲೇ ರೋಗ ಹೆಚ್ಚು ಉಲ್ಬಣಿಸಿತು. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿಯಲ್ಲಿ ಇಲ್ಲದವರನ್ನು, ಸ್ಟೀರಾಯ್ಡ್ ಪಡೆದವರನ್ನು.

ಈಗ ಏನು ಮಾಡಬಹುದು?

ಲಾಕ್‌ಡೌನ್ ನಮ್ಮಿಂದ ಕಸಿದದ್ದು ನಡಿಗೆ, ಊಟದ ಹೊತ್ತು ಮತ್ತು ನಿದ್ದೆಯ ಹೊತ್ತು. ಲೋಕಲ್ ರೈಲು ಮತ್ತೆ ಬಂತು, ಈ ಮೂರು ಎಲ್ಲರಿಗೂ ವಾಪಸ್ ಬರಲಿಲ್ಲ. ದುಬಾರಿ ಡಯಟ್ ಬೇಡ, ಇವನ್ನು ವಾಪಸ್ ತಂದರೆ ಸಾಕಷ್ಟಾಯಿತು.

ನಡಿಗೆ: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಊಟವಾದ ಮೇಲೆ 10 ನಿಮಿಷ ನಡೆದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಮಹಿಳೆಯರು ಫಜ್ರ್ ನಂತರ ನಾಲ್ಕೈದು ಜನ ಸೇರಿ ಬಿಲ್ಡಿಂಗಿನ ಟೆರೇಸ್ ಮೇಲೆ ನಡೆಯಬಹುದು. ಮನೆಯವರು ಆ ಅರ್ಧ ಗಂಟೆ ಅವರಿಗೆ ಬಿಟ್ಟುಕೊಡಬೇಕು, ಅಷ್ಟೇ.

ತಟ್ಟೆ: ಅರ್ಧ ತರಕಾರಿ, ಕಾಲು ಭಾಗ ಬೇಳೆ ಅಥವಾ ಮೊಟ್ಟೆ, ಮೀನು, ಉಳಿದ ಕಾಲು ಭಾಗ ಅನ್ನ ಅಥವಾ ರೊಟ್ಟಿ. ಮೊಳಕೆ ಮಟಕಿ, ಮೆಂತ್ಯ ಸೊಪ್ಪು, ಮೂಲಂಗಿ, ಬಂಗುಡೆ ಮೀನು ಮುಂಬಯಿಯಲ್ಲಿ ಸಿಗುವಂಥವೇ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಜೋಳದ ರೊಟ್ಟಿ ಹೊಸದೇನಲ್ಲ. ಇಲ್ಲಿಗೆ ಬಂದು ಪಾವ್‌ಗೆ ಒಗ್ಗಿದವರು ಅದನ್ನು ಮತ್ತೆ ನೆನಪಿಸಿಕೊಂಡರೆ ಒಳ್ಳೆಯದು.

ಇಫ್ತಾರ್: ಖರ್ಜೂರ, ನೀರು, ಹಣ್ಣು, ಬೇಯಿಸಿದ ಕಡಲೆ. ಕರಿದದ್ದು ಬೇಕೇ ಬೇಕು ಅಂದರೆ ಒಂದೇ ಬಗೆ. ಸಕ್ಕರೆ ಕಾಯಿಲೆ ಇದ್ದವರು ರಮಝಾನ್ ಬರುವ ಮೊದಲೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್ ಹೊತ್ತು ಸರಿಮಾಡಿಕೊಳ್ಳಬೇಕು.

ಪರೀಕ್ಷೆ: 30 ದಾಟಿದವರು ಮಹಾನಗರಪಾಲಿಕೆಯ ದವಾಖಾನೆಯಲ್ಲಿ ಶುಗರ್, ಬಿಪಿ ನೋಡಿಸಿಕೊಳ್ಳಿ. ಸೊಂಟದ ಅಳತೆಗೆ ಟೈಲರ್ ಟೇಪ್ ಸಾಕು.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ, ಸಂಘಟನೆಗಳಿಗೆ ಒಂದು ಮನವಿ. ರಮಝಾನಿನಲ್ಲಿ, ನೆರೆ ಬಂದಾಗ, ಕಷ್ಟಕಾಲದಲ್ಲಿ ನೀವು ಕಿಟ್ ಹಂಚುತ್ತೀರಿ, ಮುಂದೆಯೂ ಹಂಚುತ್ತೀರಿ. ಅದರಲ್ಲಿ ಸಕ್ಕರೆ ಮತ್ತು ಎಣ್ಣೆ ಸ್ವಲ್ಪ ಕಡಿಮೆ ಮಾಡಿ, ಆ ಹಣದಲ್ಲಿ ಕಡಲೆ, ಹೆಸರುಕಾಳು, ಶೇಂಗಾ ಹಾಕಿ. ಆಗುವುದಾದರೆ ಮೊಟ್ಟೆಯನ್ನೂ ಸೇರಿಸಿ. ಖರ್ಚು ಹೆಚ್ಚೇನೂ ಬದಲಾಗದು. ಪಡೆದ ಮನೆಯ ತಾಯಿಗೆ, ಮಕ್ಕಳಿಗೆ ಹೊಟ್ಟೆಯೂ ತುಂಬುತ್ತದೆ, ಮೈಗೂ ಹಿಡಿಯುತ್ತದೆ. ಹಸಿದವರಿಗೆ ಊಟ ಕೊಡುವುದು ಪುಣ್ಯ. ಆ ಊಟ ನಾಳೆ ಕಾಯಿಲೆಗೆ ಕಾರಣ ಆಗದಂತೆ ನೋಡಿಕೊಳ್ಳುವುದೂ ಅದೇ ಪುಣ್ಯದ ಇನ್ನೊಂದು ಭಾಗ.